ಹಾಲು ಬಿಟ್ಟರೆ ಅದು ಮಾಡುತ್ತಿದ್ದ ಕೆಲಸ ಯಾರು ಮಾಡುತ್ತಾರೆ?

ಪ್ರಶ್ನೆ: ನನಗೆ 34 ವರ್ಷ. ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೈನುಗಾರಿಕೆಯ ಬಗ್ಗೆ ಓದುತ್ತಾ ಹೋದ ಹಾಗೆ ಹಾಲೂ ಸೇರಿದಂತೆ ಪ್ರಾಣಿಗಳಿಂದ ಬರುವ ಏನನ್ನೂ ಬಳಸದ ಪೂರ್ತಿ ವೀಗನ್ ಆಗಬೇಕು ಅನ್ನಿಸಿದೆ. ಆದರೆ ಹಾಲು ಹಾಕಿದ ಕಾಫಿ, ಮೊಸರು, ಚೀಸ್ ಇಲ್ಲದೆ ನನ್ನ ದಿನ ಸಾಗುವುದಿಲ್ಲ. ಒಂದೇ ಸಲ ಬಿಡಬೇಕಾ, ನಿಧಾನವಾಗಿ ಬಿಡಬೇಕಾ? ಮೂಳೆ ಸವೆಯುತ್ತದೆ, ಬಿ12 ಇಳಿಯುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಆರು ವರ್ಷದ ಮಗಳಿಗೂ ಹಾಲು ಬಿಡಿಸಬಹುದಾ? ಮನೆಯಲ್ಲಿರುವ ಚರ್ಮದ ಬೂಟು, ಉಣ್ಣೆಯ ಸ್ವೆಟರ್ ಏನು ಮಾಡಲಿ?

ಉತ್ತರ: ಮೊದಲು ಬಿ12 ಮಾತ್ರೆ ತಂದಿಟ್ಟುಕೊಳ್ಳಿ. ಹಾಲು ಬಿಡುವ ಮಾತು ಆಮೇಲೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಎರಡು ಮೂರು ದಾರಿಗಳಿವೆ. ರುಚಿ, ಖರ್ಚು, ಅಡುಗೆಮನೆ ನೋಡಿಕೊಂಡು ಆರಿಸಿಕೊಳ್ಳಬಹುದು. ಬಿ12ಗೆ ಮಾತ್ರ ಆ ಸವಲತ್ತು ಇಲ್ಲ. ಈ ವಿಟಮಿನ್ ಅನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮಾಡಿದ ಬಿ12 ಹಾಲಿಗೆ ಬರುತ್ತದೆ, ಹಾಲಿನಿಂದ ನಿಮಗೆ ಬರುತ್ತದೆ. ಮಾತ್ರೆಯಲ್ಲಿ ಇರುವುದೂ ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದೇ. ಹಾಗಾಗಿ 'ಮಾತ್ರೆ ನುಂಗಬೇಕಾದ ಊಟ ಸಹಜ ಊಟವೇ ಅಲ್ಲ' ಎಂದು ಯಾರಾದರೂ ವಾದಕ್ಕೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಿ12 ಸುಮಾರು 2.4 ಮೈಕ್ರೋಗ್ರಾಂ. ಅಷ್ಟಕ್ಕೆ 2,000 ಮೈಕ್ರೋಗ್ರಾಂ ಮಾತ್ರೆ ಯಾಕೆ ಮಾರುತ್ತಾರೆ ಎಂದು ಅನುಮಾನ ಬರುವುದು ಸಹಜ. ನಮ್ಮ ಹೊಟ್ಟೆಯಲ್ಲಿ ತಯಾರಾಗುವ ಒಂದು ಪ್ರೊಟೀನ್ ಬಿ12 ಅನ್ನು ಹಿಡಿದು ಕರುಳಿನೊಳಗೆ ಸೇರಿಸುತ್ತದೆ. ಅದು ಒಂದು ಹೊತ್ತಿಗೆ ಸುಮಾರು 2 ಮೈಕ್ರೋಗ್ರಾಂ ಹೊತ್ತರೆ ಹೆಚ್ಚು. ಮಿಕ್ಕಿದ್ದರಲ್ಲಿ ನೂರಕ್ಕೆ ಒಂದು ಭಾಗದಷ್ಟು ಮಾತ್ರ ತಾನಾಗಿ ಒಳಗೆ ಇಳಿಯುತ್ತದೆ. ಅದಕ್ಕೇ ಎಷ್ಟು ಅಪರೂಪಕ್ಕೆ ತೆಗೆದುಕೊಳ್ಳುತ್ತೀರೋ ಅಷ್ಟು ದೊಡ್ಡ ಮಾತ್ರೆ ಬೇಕು. ಬ್ರಿಟನ್ನಿನ ವೀಗನ್ ಸೊಸೈಟಿಯ ಸಲಹೆ ಇದು: ದಿನವೂ ಆದರೆ ಕನಿಷ್ಠ 10 ಮೈಕ್ರೋಗ್ರಾಂ, ವಾರಕ್ಕೊಮ್ಮೆ ಆದರೆ ಕನಿಷ್ಠ 2,000. ಮರೆಯುವ ಸ್ವಭಾವ ಇದ್ದವರು ದಿನದ ಮಾತ್ರೆಯನ್ನೇ ಹಿಡಿಯಲಿ ಎನ್ನುವುದು ನನ್ನ ಅಭಿಪ್ರಾಯ. ವಾರದ ಮಾತ್ರೆ ಒಮ್ಮೆ ಮರೆತರೆ ಎರಡು ವಾರದ ಅಂತರ ಬಿದ್ದುಬಿಡುತ್ತದೆ.

ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನೀವು ಮೊಟ್ಟೆ ಕೂಡ ತಿನ್ನದ ಸಸ್ಯಾಹಾರಿ. ಇಷ್ಟು ವರ್ಷ ನಿಮಗೆ ಬಿ12 ಬಂದಿದ್ದು ಹಾಲು, ಮೊಸರು, ಚೀಸಿನಿಂದ ಮಾತ್ರ. ಎಷ್ಟೋ ಸಸ್ಯಾಹಾರಿಗಳಲ್ಲಿ ಹಾಲು ಬಿಡುವ ಮೊದಲೇ ಮಟ್ಟ ಕೆಳಗಿರುತ್ತದೆ. ಆಗ ಮೇಲೆ ಹೇಳಿದ ಪ್ರಮಾಣ ಸಾಲುವುದಿಲ್ಲ, ವೈದ್ಯರು ಬೇರೆಯದೇ ಪ್ರಮಾಣ ಕೊಡುತ್ತಾರೆ. ಮಾತ್ರೆ ಶುರು ಮಾಡಿದ ಮೇಲೆ ಪರೀಕ್ಷೆ ಮಾಡಿಸಿದರೆ ಹಳೆಯ ಕೊರತೆ ಸರಿಯಾಗಿ ಕಾಣುವುದಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದರೆ ಪರೀಕ್ಷೆ ಇನ್ನೂ ಮುಖ್ಯ. ಎರಡೂ ಬಿ12 ಹೀರಿಕೆಗೆ ಅಡ್ಡ ಬರುತ್ತವೆ.

ಇಲ್ಲಿ ಜನ ಮೋಸ ಹೋಗುವುದು ಮೊದಲ ವರ್ಷದಲ್ಲಿ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುತ್ತದೆ, ಅದು ವರ್ಷಗಟ್ಟಲೆ ಬರಬಹುದು. 'ಒಂದು ವರ್ಷವಾಯಿತು, ಮಾತ್ರೆ ಇಲ್ಲದೆ ಆರಾಮಾಗಿದ್ದೇನೆ' ಎನ್ನುವವರು ಖರ್ಚು ಮಾಡುತ್ತಿರುವುದು ಈ ಹಳೆಯ ದಾಸ್ತಾನನ್ನು. ಇನ್ನೊಂದು ತೊಂದರೆ ಇದೆ. ಸೊಪ್ಪು, ಕಾಳು ಜಾಸ್ತಿ ತಿಂದರೆ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಚೆನ್ನಾಗಿ ಸಿಗುತ್ತದೆ. ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಅದು ಮರೆಮಾಡಬಹುದು. ರಕ್ತ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ, ಒಳಗೆ ನರಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ಪಾದ ಜೋಮು ಹಿಡಿಯುವುದು, ನಾಲಿಗೆ ಉರಿಯುವುದು, ಮರೆವು, ಕಾರಣವಿಲ್ಲದ ಸುಸ್ತು ಕಂಡರೆ ಸುಮ್ನೆ ಕಾಯಬೇಡಿ. ನರದ ಹಾನಿ ತಡವಾದರೆ ಪೂರ್ತಿ ವಾಪಸ್ ಬರದೇ ಇರಬಹುದು.

ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ, ಕಡಲ ಪಾಚಿ, ಹುದುಗು ಬರಿಸಿದ ಆಹಾರದಿಂದ ಬಿ12 ಸಿಗುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಅದನ್ನು ನಂಬಬೇಡಿ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12ರ ಹಾಗೆ ಕಾಣುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ವಸ್ತು. ಊಟಕ್ಕೆ ಉದುರಿಸಿಕೊಳ್ಳುವ ಒಣ ಯೀಸ್ಟ್, ಅಂದರೆ ನ್ಯೂಟ್ರಿಷನಲ್ ಯೀಸ್ಟ್ ಅನ್ನೂ ಕಣ್ಣುಮುಚ್ಚಿ ನಂಬಬೇಡಿ. ತಯಾರಕರು ಬಿ12 ಸೇರಿಸಿದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಈಗ ಹಾಲಿಗೆ ಬರೋಣ. ಮಾಂಸ ತಿನ್ನುವವರು ವೀಗನ್ ಆದರೆ ಅವರ ತಟ್ಟೆ ಪೂರ್ತಿ ಬದಲಾಗುತ್ತದೆ, ಬಿಟ್ಟದ್ದು ಏನು ಎಂದು ಕಣ್ಣಿಗೆ ಕಾಣುತ್ತದೆ. ಸಸ್ಯಾಹಾರಿ ವೀಗನ್ ಆದಾಗ ಹೋಗುವುದು ಹೆಚ್ಚುಕಡಿಮೆ ಒಂದೇ ವಸ್ತು. ಅದಕ್ಕೇ 'ಏನು ಮಹಾ, ಬರೀ ಹಾಲು ತಾನೆ' ಅನ್ನಿಸುತ್ತದೆ. ಆದರೆ ಆ ಒಂದು ವಸ್ತು ನಿಮ್ಮ ಊಟದಲ್ಲಿ, ಮನೆಯಲ್ಲಿ ಸದ್ದಿಲ್ಲದೆ ಹತ್ತು ಕೆಲಸ ಮಾಡುತ್ತಿದ್ದ ಹಿರಿಯರ ಹಾಗೆ ಇತ್ತು. ಅವರು ನಾಲ್ಕು ದಿನ ಎಲ್ಲಿಗೋ ಹೋದ ಮೇಲೆಯೇ ಯಾವ ಯಾವ ಕೆಲಸ ಅವರು ಮಾಡುತ್ತಿದ್ದರು ಎಂದು ತಿಳಿಯುವುದು. ಪ್ರೊಟೀನ್, ಕ್ಯಾಲ್ಸಿಯಂ, ಬಿ12, ಬಿ2, ಕೆಲವು ಕಡೆ ಅಯೋಡಿನ್ ಎಲ್ಲವೂ ಹಾಲಿನ ಲೆಕ್ಕದಲ್ಲಿತ್ತು. ಹೆಚ್ಚಿನವರು ರುಚಿಗೆ ಬದಲಿ ಹುಡುಕುತ್ತಾರೆ. ನೀವು ಕೆಲಸಕ್ಕೆ ಬದಲಿ ಹುಡುಕಿ.

ಉದಾಹರಣೆಗೆ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಗಿಡಮೂಲದ ಹಾಲುಗಳನ್ನೇ ನೋಡಿ. ಡಬ್ಬಿಯ ಮೇಲೆ ಎಲ್ಲದಕ್ಕೂ ಒಂದೇ ತರಹದ ಚಿತ್ರ. ಒಳಗೆ ಅಜಗಜಾಂತರ. 250 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೊಟೀನ್ ಇರುತ್ತದೆ. ಸೋಯಾ ಹಾಲಿನಲ್ಲಿ ಸುಮಾರು 7 ಗ್ರಾಂ. ಓಟ್ಸ್ ಹಾಲಿನಲ್ಲಿ 2–3 ಗ್ರಾಂ. ಬಾದಾಮಿ ಹಾಲಿನಲ್ಲಿ ಒಂದು ಗ್ರಾಂ ಆಸುಪಾಸು. ಕುಡಿಯುವ ತೆಂಗಿನ ಹಾಲಿನಲ್ಲಿ ಇಲ್ಲವೆಂದೇ ಹೇಳಬೇಕು. ಕಾಫಿಗೆ ಯಾವುದು ಹಾಕಿದರೂ ನನ್ನ ತಕರಾರಿಲ್ಲ. ಲೋಟಗಟ್ಟಲೆ ಕುಡಿಯುವುದಕ್ಕೆ, ಮೊಸರಿಗೆ ಸೋಯಾ ಅಥವಾ ಬಟಾಣಿ ಪ್ರೊಟೀನಿನ ಹಾಲು ಆರಿಸಿ. ಡಬ್ಬಿಯ ಹಿಂದೆ ಕ್ಯಾಲ್ಸಿಯಂ ಸೇರಿಸಿದ್ದಾರಾ ನೋಡಿ. 100 ಮಿ.ಲೀ.ಗೆ 120 ಮಿ.ಗ್ರಾಂ ಇದ್ದರೆ ಹಸುವಿನ ಹಾಲಿಗೆ ಸಮ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಅದಕ್ಕೆ ಪ್ರತಿ ಸಲ ಚೆನ್ನಾಗಿ ಕುಲುಕಿ. ಕುಲುಕದೆ ಸುರಿದು ಕೊನೆಗೆ ಡಬ್ಬಿ ಎಸೆದರೆ ಕ್ಯಾಲ್ಸಿಯಂ ಕಸದಬುಟ್ಟಿಗೆ ಹೋಗುತ್ತದೆ. ಮನೆಯಲ್ಲೇ ಅರೆದು ಸೋಸಿದ ಹಾಲು ರುಚಿಯಾಗಿರುತ್ತದೆ, ಆದರೆ ಅದರಲ್ಲಿ ಈ ಸೇರ್ಪಡೆ ಯಾವುದೂ ಇರುವುದಿಲ್ಲ. ಸಾವಯವ ಎಂದು ಬರೆದ ಡಬ್ಬಿಗಳಲ್ಲೂ ಹಲವು ಸಲ ಇರುವುದಿಲ್ಲ.

ಸೋಯಾ ಎಂದ ತಕ್ಷಣ ಹಾರ್ಮೋನಿನ ಭಯ ಎದ್ದು ಬರುತ್ತದೆ, ಅಲ್ವಾ? ಸೋಯಾದಲ್ಲಿರುವ ಐಸೋಫ್ಲೇವೋನ್ ಎಂಬ ವಸ್ತುಗಳು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ಗೆ ಸ್ವಲ್ಪ ಹೋಲುತ್ತವೆ, ನಿಜ. ಆದರೆ ದೇಹದಲ್ಲಿ ಅವುಗಳ ವರ್ತನೆ ಬೇರೆ. ಗಂಡಸರ ಟೆಸ್ಟೋಸ್ಟೆರಾನ್ ಇಳಿಯುತ್ತದೆಯೇ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ, ಪರಿಣಾಮ ಕಂಡಿಲ್ಲ. ದಿನಕ್ಕೆ ಎರಡು ಲೋಟ ಸೋಯಾ ಹಾಲು ಕುಡಿದು, ಒಂದಿಷ್ಟು ತೋಫು (ಸೋಯಾ ಹಾಲಿನ ಪನೀರು) ತಿಂದರೆ ಏನೂ ಆಗುವುದಿಲ್ಲ.

ಮೂಳೆಯ ಬಗ್ಗೆ ನಿಮ್ಮನ್ನು ಹೆದರಿಸುವವರ ಮಾತಿನಲ್ಲಿ ಹುರುಳಿದೆ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ ಸುಮಾರು 55,000 ಜನರನ್ನು ವರ್ಷಗಟ್ಟಲೆ ಗಮನಿಸಿತು. 2020ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ಮಾಂಸಾಹಾರಿಗಳಿಗೆ ಹೋಲಿಸಿದರೆ ವೀಗನ್ನರಲ್ಲಿ ಮೂಳೆ ಮುರಿತ ಒಟ್ಟಾರೆ ಶೇ. 43ರಷ್ಟು ಜಾಸ್ತಿ ಇತ್ತು. ಸೊಂಟದ ಮೂಳೆಯಲ್ಲಂತೂ ಎರಡು ಪಟ್ಟಿಗೂ ಮೀರಿತ್ತು. ವೀಗನ್ ಪರ ಮಾತಾಡುವ ಕೆಲವರು ಇದನ್ನು ಮುಚ್ಚಿಡುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ. ಆ ವೀಗನ್ನರ ದೇಹತೂಕ ಕಡಿಮೆ ಇತ್ತು, ಕ್ಯಾಲ್ಸಿಯಂ ಮತ್ತು ಪ್ರೊಟೀನ್ ಸೇವನೆಯೂ ಕಡಿಮೆ ಇತ್ತು. ಇವನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಕುಗ್ಗಿತು, ಪೂರ್ತಿ ಅಳಿಯಲಿಲ್ಲ. ಅಂದರೆ ತಿದ್ದಿಕೊಳ್ಳಬಹುದಾದ ಕಾರಣಗಳು ಸಾಕಷ್ಟಿವೆ.

ಕ್ಯಾಲ್ಸಿಯಂಗೆ ಪಾಲಕ್ ಸೊಪ್ಪನ್ನು ನೆಚ್ಚಬೇಡಿ. ಪುಸ್ತಕದ ಪಟ್ಟಿಯಲ್ಲಿ ಅದರ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ನೂರರಲ್ಲಿ ಐದು ಭಾಗ ನಮಗೆ ದಕ್ಕಿದರೆ ಹೆಚ್ಚು. ಹಾಲಿನಿಂದ ದಕ್ಕುವುದು ಸುಮಾರು 30 ಭಾಗ. ಬ್ರೊಕೊಲಿ, ಕೇಲ್, ಚೀನೀ ಕೋಸಿನಿಂದ 40–50 ಭಾಗ ದಕ್ಕುತ್ತದೆ, ಆದರೆ ಅವುಗಳಲ್ಲಿ ಇರುವ ಮೊತ್ತವೇ ಕಡಿಮೆ. ಹಾಗಾಗಿ ದಿನದ ಅಡಿಪಾಯವಾಗಿ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ಕ್ಯಾಲ್ಸಿಯಂ ಉಪ್ಪಿನಿಂದ ಹೆಪ್ಪುಗಟ್ಟಿಸಿದ ತೋಫು ಇರಲಿ. ತೋಫು ಪೊಟ್ಟಣದ ಮೇಲೆ ಕ್ಯಾಲ್ಸಿಯಂ ಸಲ್ಫೇಟ್ ಎಂದು ಇದೆಯಾ ನೋಡಿಕೊಳ್ಳಿ. ಬೇರೆ ಉಪ್ಪಿನಿಂದ ಮಾಡಿದ್ದರಲ್ಲಿ ಅಷ್ಟು ಇರುವುದಿಲ್ಲ. ಒಟ್ಟು ಗುರಿ ಎಷ್ಟು ಎನ್ನುವುದರಲ್ಲಿ ದೇಶಗಳಿಗೇ ಒಮ್ಮತ ಇಲ್ಲ. ಬ್ರಿಟನ್ ದೊಡ್ಡವರಿಗೆ 700 ಮಿ.ಗ್ರಾಂ ಎನ್ನುತ್ತದೆ, ಅಮೆರಿಕ 1,000 ಎನ್ನುತ್ತದೆ. ಸಾವಿರದ ಕಡೆಗೆ ವಾಲಿ. ಜೊತೆಗೆ ಭಾರ ಎತ್ತುವ ವ್ಯಾಯಾಮ ಬೇಕು. ಇದನ್ನು ಊಟದ ಪ್ರಶ್ನೆಗೆ ಸಂಬಂಧ ಇಲ್ಲ ಎಂದು ಬದಿಗಿಡಬೇಡಿ. ಭಾರ ಬೀಳದ ಮೂಳೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಗಟ್ಟಿಯಾಗುವುದಿಲ್ಲ.

ಪ್ರೊಟೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎನ್ನುವುದು ಸುರಕ್ಷಿತ ಕನಿಷ್ಠ ಮಟ್ಟ, 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ಪ್ರತಿ ಊಟದಲ್ಲೂ ಬೇಳೆ, ಕಾಳು ಅಥವಾ ಸೋಯಾ ಇದ್ದರೆ ಮುಟ್ಟಬಹುದು. ಒಂದೇ ತಟ್ಟೆಯಲ್ಲಿ ಧಾನ್ಯ ಮತ್ತು ಕಾಳು ಜೋಡಿಸಲೇಬೇಕು ಎಂಬ ಹಳೆಯ ನಿಯಮ ಬೇಕಿಲ್ಲ, ಇಡೀ ದಿನದಲ್ಲಿ ಎರಡೂ ಬಂದರೆ ಸಾಕು. ಕಬ್ಬಿಣಾಂಶದಲ್ಲಿ ನಿಮಗೆ ಲಾಭವೇ. ಹಾಲಿನಲ್ಲಿ ಕಬ್ಬಿಣ ಇಲ್ಲದಷ್ಟೇ ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ಹೀರಿಕೆಗೂ ಅಡ್ಡ. ಊಟದ ಜೊತೆ ಹುಳಿ ಹಣ್ಣು ಇರಲಿ, ಕಾಫಿ ಊಟವಾಗಿ ಒಂದು ಗಂಟೆ ಬಿಟ್ಟು ಇರಲಿ. ಒಮೆಗಾ-3 ವಿಷಯದಲ್ಲಿ ನೀವು ಮೀನು ತಿನ್ನದವರು, ಆದ್ದರಿಂದ ಹೊಸದಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ದಿನಕ್ಕೆ ಒಂದು ಚಮಚ ಪುಡಿ ಮಾಡಿದ ಅಗಸೆ ಬೀಜ ಅಥವಾ ನಾಲ್ಕಾರು ಆಕ್ರೋಟು ಸಾಕು. ಅಯೋಡಿನ್‌ಗೆ ಅಯೋಡಿನ್ ಸೇರಿಸಿದ ಉಪ್ಪು ಬಳಸಿ. ಗುಲಾಬಿ ಬಣ್ಣದ ಕಲ್ಲುಪ್ಪು, ಸಮುದ್ರದ ಉಪ್ಪು ನೋಡಲು ಚೆನ್ನ, ಈ ಕೆಲಸಕ್ಕೆ ಬರುವುದಿಲ್ಲ. ವಿಟಮಿನ್ ಡಿ ಕೂಡ ರಕ್ತ ಪರೀಕ್ಷೆಯಲ್ಲಿ ನೋಡಿಸಿ. ಮಾತ್ರೆ ಬೇಕಾದರೆ, ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ ಎಂಬುದು ನೆನಪಿರಲಿ. ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಸಿಗುತ್ತದೆ.

ಒಂದೇ ಸಲವೋ ನಿಧಾನವೋ ಎಂಬ ಪ್ರಶ್ನೆಗೆ ನಿಧಾನ ಎನ್ನುವುದೇ ನನ್ನ ಉತ್ತರ. ಆದರೆ ಕೊನೆಯ ದಿನಾಂಕ ಒಂದು ಇರಲಿ. ದಿನಾಂಕ ಇಲ್ಲದ ನಿಧಾನ ಎಂದರೆ ಎಂದೂ ಮುಗಿಯದ್ದು. ಎರಡು ತಿಂಗಳು ಇಟ್ಟುಕೊಳ್ಳಿ. ಕುಡಿಯುವ ಹಾಲಿನಿಂದ ಶುರು ಮಾಡಿ. ಆಮೇಲೆ ಮೊಸರು, ಬೆಣ್ಣೆ. ಚೀಸ್ ಕೊನೆಗೆ.

ಕಾಫಿಗೆ ಸೋಯಾ ಹಾಲು ಹಾಕಿದರೆ ಒಡೆಯುತ್ತದೆ ಎಂದು ಬಹಳ ಜನ ಮೊದಲ ದಿನವೇ ಕೈಬಿಡುತ್ತಾರೆ. ಕಾಫಿಯ ಹುಳಿ ಮತ್ತು ಬಿಸಿ ಸೇರಿ ಸೋಯಾ ಪ್ರೊಟೀನ್ ಗಟ್ಟಿಯಾಗುತ್ತದೆ, ಅಷ್ಟೇ. ಹಾಲನ್ನು ಮೊದಲು ಬೆಚ್ಚಗೆ ಮಾಡಿ ಲೋಟಕ್ಕೆ ಹಾಕಿ, ಕುದಿಯುವ ಬಿಸಿ ಇಳಿದ ಕಾಫಿಯನ್ನು ಅದಕ್ಕೆ ನಿಧಾನವಾಗಿ ಸುರಿಯಿರಿ. ಒಡೆಯುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಓಟ್ಸ್ ಹಾಲಿನಲ್ಲಿ ಪ್ರೊಟೀನೇ ಕಡಿಮೆ, ಆದ್ದರಿಂದ ಆ ತಂಟೆಯೂ ಕಡಿಮೆ. ಮೊಸರಿಗೂ ಇದೇ ತರ್ಕ ತಿರುಗುಮುರುಗಾಗಿ ಅನ್ವಯಿಸುತ್ತದೆ. ಪ್ರೊಟೀನ್ ಇರುವ ಸೋಯಾ ಹಾಲು ಚೆನ್ನಾಗಿ ಹೆಪ್ಪಾಗುತ್ತದೆ, ಬಾದಾಮಿ ಹಾಲು ನೀರಾಗಿಯೇ ಉಳಿಯುತ್ತದೆ. ಹೆಪ್ಪಿಗೆ ಜೀವಂತ ಬ್ಯಾಕ್ಟೀರಿಯಾ ಇರುವ ಒಂದು ಡಬ್ಬಿ ಸೋಯಾ ಮೊಸರು ತನ್ನಿ, ಅದರಲ್ಲಿ ಎರಡು ಚಮಚ ಸಾಕು.

ಚೀಸ್ ಎಲ್ಲಕ್ಕಿಂತ ಕಷ್ಟ. ಅದು ಮಾದಕ ವಸ್ತುವಿನ ಹಾಗೆ ಚಟ ಹಿಡಿಸುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಇಲ್ಲ. ಉಪ್ಪು, ಕೊಬ್ಬು, ಹುಳಿ ಒಟ್ಟಿಗೆ ಸಿಕ್ಕರೆ ನಾಲಿಗೆಗೆ ಇಷ್ಟವಾಗುತ್ತದೆ, ಇನ್ನೇನು! ಅಂಗಡಿಯ ವೀಗನ್ ಚೀಸ್ ಹೆಚ್ಚಿನವು ತೆಂಗಿನೆಣ್ಣೆ ಮತ್ತು ಪಿಷ್ಟದ ಗಟ್ಟಿ. ಪ್ರೊಟೀನ್ ನಾಮಕಾವಸ್ತೆ. ಅಪರೂಪಕ್ಕೆ ತಿನ್ನಿ, ದಿನವೂ ಬೇಡ. ಬದಲಿಯನ್ನೇ ಹುಡುಕದೆ ಕೆಲವು ವಾರ ಚೀಸ್ ಇಲ್ಲದೆ ಇದ್ದು ನೋಡಿ ಎನ್ನುತ್ತೇನೆ. ಹೊಸ ರುಚಿಯನ್ನು ಹಳೆಯದರ ಪಕ್ಕ ಇಟ್ಟು ತೂಗುತ್ತಿದ್ದರೆ ಹಳೆಯದೇ ಗೆಲ್ಲುತ್ತದೆ. ಇನ್ನೊಂದು ವಿಷಯ ಸಸ್ಯಾಹಾರಿಗಳಿಗೆ ಬಹಳ ಸಲ ಗೊತ್ತಿರುವುದಿಲ್ಲ. ಕೆಲವು ಚೀಸ್‌ಗಳಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜಾನೊಗೆ ಅದು ಕಡ್ಡಾಯ. ನೀವು ಈವರೆಗೆ ತಿಂದದ್ದೆಲ್ಲ ಸಸ್ಯಾಹಾರವೇ ಆಗಿರಲಿಕ್ಕಿಲ್ಲ.

ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರ ಬರಬಹುದು. ಚೀಸ್ ಇದ್ದ ಜಾಗಕ್ಕೆ ಕಾಳು ಬಂದರೆ ನಾರಿನಂಶ ಒಮ್ಮೆಲೇ ಏರುತ್ತದೆ. ಕಾಳು ನೆನೆಸಿದ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ, ಪ್ರಮಾಣ ಸ್ವಲ್ಪ ಸ್ವಲ್ಪ ಏರಿಸಿ. ತೂಕ ಬೇಡದಷ್ಟು ಇಳಿದರೆ ಬೀಜಗಳು, ಬೀಜದ ಬೆಣ್ಣೆ ಜಾಸ್ತಿ ಮಾಡಿ.

ಪೊಟ್ಟಣಗಳ ಹಿಂದೆ ಓದುವ ಅಭ್ಯಾಸವಾಗಲು ಸಮಯ ಹಿಡಿಯುತ್ತದೆ. ಕೇಸಿನ್, ವೇ, ಲ್ಯಾಕ್ಟೋಸ್, ಹಾಲಿನ ಘನಾಂಶ ಎಲ್ಲವೂ ಹಾಲೇ. ಇ 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ 904 ಎಂದರೆ ಕೀಟದಿಂದಲೇ ಬರುವ ಅರಗು. 'ನಾನ್ ಡೈರಿ' ಎಂದು ಬರೆದ, ಹಾಲಿನ ಬದಲು ಕಾಫಿಗೆ ಬೆರೆಸುವ ಪುಡಿಗಳಲ್ಲೂ ಕೇಸಿನ್ ಇರುವುದುಂಟು. 'ಹಾಲಿನ ಅಂಶ ಇರಬಹುದು' ಎಂಬ ಎಚ್ಚರಿಕೆ ಅಲರ್ಜಿ ಇದ್ದವರಿಗೆ. ಒಂದೇ ಕಾರ್ಖಾನೆಯಲ್ಲಿ ಬೇರೆ ಪದಾರ್ಥವೂ ತಯಾರಾಗುತ್ತದೆ ಎಂದು ಅದರ ಅರ್ಥ. ಅದಕ್ಕೆ ಹೆದರಿ ಪೊಟ್ಟಣ ವಾಪಸ್ ಇಡಬೇಕಿಲ್ಲ.

ಮಗಳ ವಿಷಯಕ್ಕೆ ನಾನು ಬ್ರೇಕ್ ಹಾಕುತ್ತೇನೆ. ಸಾಧ್ಯವೇ ಎಂದರೆ ಸಾಧ್ಯ. ಆದರೆ ತಜ್ಞರ ಮಾತೂ ಇಲ್ಲಿ ಒಂದೇ ತೆರನಾಗಿಲ್ಲ. ಅಮೆರಿಕದ ಆಹಾರ ತಜ್ಞರ ಸಂಘಟನೆ, ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯೆಟೆಟಿಕ್ಸ್, ಸರಿಯಾಗಿ ಯೋಜಿಸಿದ ವೀಗನ್ ಆಹಾರ ಎಲ್ಲ ವಯಸ್ಸಿಗೂ ಸರಿ ಎಂದು 2016ರಲ್ಲಿ ಹೇಳಿತ್ತು. 2025ರಲ್ಲಿ ಬಂದ ಹೊಸ ಹೇಳಿಕೆ ಗರ್ಭಿಣಿಯರು ಮತ್ತು ಹಾಲೂಡಿಸುವವರನ್ನು ಬಿಟ್ಟು ಉಳಿದ ವಯಸ್ಕರಿಗೆ ಮಾತ್ರ ಸೀಮಿತವಾಗಿದೆ. ಮಕ್ಕಳ ಹೊಟ್ಟೆ ಚಿಕ್ಕದು, ಬೆಳವಣಿಗೆಗೆ ಬೇಕಾದದ್ದು ಜಾಸ್ತಿ. ನಾರು ತುಂಬಿದ ಊಟದಿಂದ ಹೊಟ್ಟೆ ಬೇಗ ತುಂಬುತ್ತದೆ, ಶಕ್ತಿ ಸಾಲದೇ ಹೋಗಬಹುದು. ನಿಮ್ಮ ಅಡುಗೆಮನೆ ಮೊದಲು ಹಳಿಗೆ ಬರಲಿ. ಆಮೇಲೆ ಮಕ್ಕಳ ವೈದ್ಯರನ್ನು ಕಂಡು, ಎತ್ತರ ತೂಕದ ದಾಖಲೆ ಇಟ್ಟು, ಅವರು ಹೇಳಿದ ಪ್ರಮಾಣದ ಬಿ12 ಶುರು ಮಾಡಿ, ಪೋಷಕಾಂಶ ಸೇರಿಸಿದ ಸೋಯಾ ಹಾಲಿನೊಂದಿಗೆ ಮುಂದುವರಿಯಿರಿ. ಅಷ್ಟರವರೆಗೆ ಅವಳು ಹಾಲು ಕುಡಿಯಲಿ. ಆರು ವರ್ಷದವಳಿಗೂ ತನ್ನದೇ ಅಭಿಪ್ರಾಯ ಇರುತ್ತದೆ, ಕೇಳಿ ನೋಡಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಯಾವ ವಾದವೂ ಇಲ್ಲ. ಎದೆಹಾಲು ಇಲ್ಲವೇ ಶಿಶುಗಳಿಗೆಂದೇ ತಯಾರಿಸಿದ ಹಾಲಿನ ಪುಡಿ. ಮನೆಯಲ್ಲಿ ಮಾಡಿದ ಬಾದಾಮಿ, ಓಟ್ಸ್ ಹಾಲು ಆ ಜಾಗಕ್ಕೆ ಬರಲೇಬಾರದು.

ಬೂಟು, ಸ್ವೆಟರ್ ಬಗ್ಗೆ ನನ್ನ ಉತ್ತರ ಚಿಕ್ಕದು: ಹಾಕಿಕೊಳ್ಳಿ. ಎಸೆದರೆ ಯಾವ ಪ್ರಾಣಿಗೂ ಉಪಯೋಗವಿಲ್ಲ. ನೋಡಿದರೆ ಮನಸ್ಸಿಗೆ ಹಿಂಸೆಯಾಗುತ್ತದೆ ಎಂದಾದರೆ ಬೇಕಾದವರಿಗೆ ಕೊಡಿ. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು ಕಟ್ಟಿದ ವೀಗನ್ ಸೊಸೈಟಿಯ ಇಂದಿನ ವ್ಯಾಖ್ಯೆಯಲ್ಲೇ 'ಸಾಧ್ಯವಾದಷ್ಟು, ಕೈಲಾದಷ್ಟು' ಎಂಬ ಅರ್ಥದ ಮಾತಿದೆ. ಮುಂದೆ ಕೊಳ್ಳುವಾಗ ಚರ್ಮ, ಉಣ್ಣೆ, ರೇಷ್ಮೆ, ಜೇನುಮೇಣದ ಬದಲು ಬೇರೆಯದು ಆರಿಸಿ. ಅಗ್ಗದ ಕೃತಕ ಚರ್ಮ ಪ್ಲಾಸ್ಟಿಕ್ಕೇ, ಬೇಗ ಸುಲಿಯುತ್ತದೆ ಕೂಡ. ಗಟ್ಟಿ ಬಟ್ಟೆಯ ಬೂಟು ನೋಡಿ.

ಆದರೆ ಔಷಧಿಯನ್ನು ಈ ಪಟ್ಟಿಗೆ ಸೇರಿಸಬೇಡಿ. ಎಷ್ಟೋ ಮಾತ್ರೆಗಳಲ್ಲಿ ಲ್ಯಾಕ್ಟೋಸ್ ಇರುತ್ತದೆ, ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಆಗಿರುತ್ತದೆ. ಬೇರೆ ರೂಪದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಸಿಗದಿದ್ದರೆ ಇರುವುದನ್ನೇ ನುಂಗಿ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೋಯಾ ಮತ್ತು ಕ್ಯಾಲ್ಸಿಯಂ ಎರಡೂ ಅದರ ಹೀರಿಕೆಗೆ ಅಡ್ಡ ಬರುತ್ತವೆ. ಮಾತ್ರೆಗೂ ಅವುಗಳಿಗೂ ನಾಲ್ಕು ಗಂಟೆ ಅಂತರ ಇಡಿ. ಊಟ ಬದಲಾಯಿಸಿದ್ದನ್ನು ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರದಲ್ಲಿ ಮಟ್ಟ ಮತ್ತೆ ನೋಡಿಸಿ.